ಕೆಲ್ಪ್‌ಗೆ ಬೇರಿಲ್ಲ, ತಳದಲ್ಲಿ ಬೆಳಕಿಲ್ಲ. ಹಾಗಾದರೆ ಬುಡಕ್ಕೆ ಊಟ ಎಲ್ಲಿಂದ?

ಕಡಲಂಚು:
ಗೊತ್ತಿದ್ದವರು ಹೇಳಿ. ಕೆಲ್ಪ್ ಅಂದರೆ ತಂಪು ಕಡಲಿನ ದೊಡ್ಡ ಕಂದು ಪಾಚಿ. ಮ್ಯಾಕ್ರೊಸಿಸ್ಟಿಸ್ ಅನ್ನುವ ದೈತ್ಯ ಕೆಲ್ಪ್ 45 ಮೀಟರ್‌ವರೆಗೂ ಬೆಳೆಯುತ್ತದೆ. ಬುಡ ಬಂಡೆಗೆ ಕಚ್ಚಿಕೊಂಡಿರುತ್ತದೆ, ತಲೆ ನೀರಿನ ಮೇಲೆ ಹರಡಿಕೊಂಡಿರುತ್ತದೆ. ಬಿಸಿಲನ್ನೆಲ್ಲ ಮೇಲಿನ ಎಲೆಗಳೇ ನುಂಗಿದರೆ ತಳಕ್ಕೆ ಉಳಿಯುವುದು ಬರೀ ಮಬ್ಬು. ಬೇರಿಲ್ಲ, ಕೆಳಗಿನಿಂದ ಏನೂ ಹೀರುವುದಿಲ್ಲ ಅನ್ನುತ್ತಾರೆ. ಪಾಚಿಗೆ ನಾಳಗಳೇ ಇಲ್ಲ ಅಂತ ಶಾಲೆಯಲ್ಲಿ ಓದಿದ ನೆನಪು. ಹಾಗಾದರೆ ಆ ಕತ್ತಲಲ್ಲಿ ಕೂತ ಬುಡ ಬದುಕುವುದು ಹೇಗೆ? ಹೊಸ ಚಿಗುರು ಹೊರಡುವುದೂ ಅಲ್ಲಿಂದಲೇ ಅಂತೆ. ಅದಕ್ಕೆ ಊಟ ಕೊಡುವವರು ಯಾರು?

ಸುಮ್ನೆ_ಬಂದೆ:
ನೀರಿನಿಂದಲೇ ಹೀರಿಕೊಳ್ಳುತ್ತೆ ಕಣ್ರೀ. ಸುತ್ತಲೂ ನೀರೇ ಇದೆಯಲ್ಲ.

ಕಡಲಂಚು:
ನೀರಿನಿಂದ ನೈಟ್ರೇಟ್, ಫಾಸ್ಫೇಟ್ ಸಿಗಬಹುದು. ಸಕ್ಕರೆ ಎಲ್ಲಿ ಸಿಗುತ್ತದೆ?

ಗಾಜಿನ_ತಟ್ಟೆ:
ಪ್ರಶ್ನೆ ಚೆನ್ನಾಗಿದೆ. ಪಾಚಿಗೆ ನಾಳಗಳಿಲ್ಲ ಅನ್ನುವ ಮಾತು ಕೆಲ್ಪ್ ವಿಷಯಕ್ಕೆ ಬಂದರೆ ನಿಲ್ಲುವುದಿಲ್ಲ.

ಕೆಲ್ಪಿನ ಕಾಂಡದಿಂದ ಒಂದು ತೆಳು ಚೂರು ಅಡ್ಡಡ್ಡ ಕತ್ತರಿಸಿ ಮೈಕ್ರೊಸ್ಕೋಪಿನಲ್ಲಿ ನೋಡಿ. ಅಂಚಿನಲ್ಲಿ ಕಂದು ಕಣಗಳು ಕಿಕ್ಕಿರಿದ ಪುಟ್ಟ ಕೋಶಗಳು. ಅದರ ಒಳಗೆ ಬಣ್ಣವಿಲ್ಲದ ದೊಡ್ಡ ಕೋಶಗಳು. ನಟ್ಟನಡುವೆ ಲೋಳೆ, ಆ ಲೋಳೆಯೊಳಗೆ ಅತ್ತಿತ್ತ ಹಾಯ್ದ ಉದ್ದ ಎಳೆಗಳು. ಈ ಒಳಭಾಗದಲ್ಲಿ ಜರಡಿ ನಾಳಗಳಿವೆ. ಒಂದು ಕೋಶ ಮುಗಿದು ಮುಂದಿನದು ಶುರುವಾಗುವ ಜಾಗದ ಅಡ್ಡಗೋಡೆಯ ತುಂಬ ತೂತು. ಆ ತೂತುಗಳ ಮೂಲಕವೇ ರಸ ಹರಿಯುವುದು.

1960ರ ದಶಕದಲ್ಲಿ ಮ್ಯಾಕ್ರೊಸಿಸ್ಟಿಸ್‌ನ ಎಲೆಗೆ ಕಾರ್ಬನ್-14 (ವಿಕಿರಣ ಸೂಸುವುದರಿಂದ ಜಾಡು ಹಿಡಿಯಬಹುದಾದ ಇಂಗಾಲ) ಕೊಟ್ಟು, ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಿದರು. ಬಲಿತ ಎಲೆಗಳಿಂದ ತುದಿಯ ಚಿಗುರಿಗೂ ಹೋಯಿತು, ಕೆಳಗೆ ಬುಡದ ಕಡೆಗೂ ಇಳಿಯಿತು. ವೇಗ ಗಂಟೆಗೆ ಅರ್ಧ ಮೀಟರ್ ಆಸುಪಾಸು. ಎಳೆ ಎಲೆಗಳು ಮಾತ್ರ ಏನೂ ಹೊರಗೆ ಕಳಿಸುವುದಿಲ್ಲ, ಬರೀ ತೆಗೆದುಕೊಳ್ಳುತ್ತವೆ. ಅಂದರೆ ನಿಮ್ಮ ಬುಡಕ್ಕೆ ಊಟ ಮೇಲಿನಿಂದ ಬರುತ್ತದೆ.

ಹಳೇ_ಮೇಷ್ಟ್ರು:
ಹಾಗಾದರೆ ಅದು ಫ್ಲೋಯಂ ತಾನೇ! ಕಾಂಡ ಇದೆ, ಎಲೆ ಇದೆ, ಆಹಾರ ಸಾಗಿಸುವ ನಾಳ ಇದೆ. ಆದರೂ ಈಗಿನವರು ಗಿಡ ಅಲ್ಲ ಅನ್ನುತ್ತಾರೆ. ನಾನು ಸಸ್ಯಶಾಸ್ತ್ರದ ತರಗತಿಯಲ್ಲೇ ಇದನ್ನು ಪಾಠ ಮಾಡಿದವನು. ಫ್ಯೂಕಸ್, ಸರ್ಗಾಸಮ್ ಅನ್ನುವ ಕಂದು ಪಾಚಿಗಳ ಚಿತ್ರ ಬರೆಸದೆ ವರ್ಷ ಮುಗಿಯುತ್ತಿರಲಿಲ್ಲ.

ಗಾಜಿನ_ತಟ್ಟೆ:
ಮೇಷ್ಟ್ರೇ, ಕೆಲಸ ಒಂದೇ, ವಂಶ ಬೇರೆ. ನಾಳದಲ್ಲಿ ಹರಿಯುವುದನ್ನೇ ನೋಡಿ. ಗಿಡಗಳಲ್ಲಿ ಹೆಚ್ಚಾಗಿ ಸುಕ್ರೋಸ್. ಕೆಲ್ಪಿನಲ್ಲಿ ಸಕ್ಕರೆಯಂಥದ್ದೇ ಆದ ಮ್ಯಾನಿಟಾಲ್, ಜೊತೆಗೆ ಅಮೈನೊ ಆಮ್ಲಗಳು. ಗಿಡ ಪಿಷ್ಟ ಕೂಡಿಡುತ್ತದೆ, ಇದು ಲ್ಯಾಮಿನಾರಿನ್ ಕೂಡಿಡುತ್ತದೆ. ಅಯೋಡಿನ್ ಹನಿ ಹಾಕಿದರೆ ಪಿಷ್ಟದ ಕಪ್ಪು ನೀಲಿ ಬಣ್ಣ ಬರುವುದಿಲ್ಲ. ಕ್ಲೋರೊಫಿಲ್ ಬಿ ಇಲ್ಲ, ಎ ಮತ್ತು ಸಿ ಇವೆ. ಹೆಸರಿಗೆ ಎಲೆ, ಕಾಂಡ ಅನ್ನುತ್ತೇವೆ ಅಷ್ಟೇ.

ಕ್ಸೈಲಂ ಹುಡುಕಿ ನೋಡಿ, ಸಿಗುವುದಿಲ್ಲ. ನೀರಿನಲ್ಲೇ ಮುಳುಗಿರುವ ಜೀವಿಗೆ ನೀರು ಮೇಲೆತ್ತುವ ಕೊಳವೆ ಯಾಕೆ?

ಕಿರಿಕ್_ಕಿಟ್ಟಿ:
ಗಿಡ ಅಲ್ಲ, ಪ್ರಾಣಿ ಅಲ್ಲ, ಅಣಬೆಯೂ ಅಲ್ಲ. ಮತ್ತೇನು? ಇದೆಲ್ಲ ವಿಜ್ಞಾನಿಗಳ ಹೊಟ್ಟೆಪಾಡು. ಹಸಿರಾಗಿದ್ದು ಬಿಸಿಲಲ್ಲಿ ಅಡುಗೆ ಮಾಡಿಕೊಂಡರೆ ಗಿಡ. ಮುಗೀತು.

ಸುಮ್ನೆ_ಬಂದೆ:
ಕಿಟ್ಟಿ, ಅದು ಹಸಿರಾಗಿಲ್ಲ, ಕಂದು.

ರಸಾಯನ_ರಂಗ:
ಒಳಗೆ ಹಸಿರೇ ಇದೆ. ಒಣಗಿದ ಕಂದು ಪಾಚಿಯ ಚೂರನ್ನು ಕುದಿಯುವ ನೀರಿಗೆ ಹಾಕಿ ನೋಡಿ. ನೋಡನೋಡುತ್ತಲೇ ಕಂದು ಹೋಗಿ ಹಸಿರಾಗುತ್ತದೆ. ಕಂದು ಬಣ್ಣಕ್ಕೆ ಕಾರಣ ಫ್ಯೂಕೊಜಾಂಥಿನ್ ಅನ್ನುವ ವರ್ಣಕ. ಅದು ಪ್ರೋಟೀನಿಗೆ ಅಂಟಿಕೊಂಡಿರುವವರೆಗೆ ನೀಲಿ ಹಸಿರು ಬೆಳಕನ್ನು ಹೀರುತ್ತದೆ. ಬಿಸಿಗೆ ಆ ಪ್ರೋಟೀನ್ ಕೆಟ್ಟ ಕೂಡಲೇ ಹಿಡಿತ ತಪ್ಪುತ್ತದೆ, ಮರೆಯಲ್ಲಿದ್ದ ಕ್ಲೋರೊಫಿಲ್ ಕಣ್ಣಿಗೆ ಬೀಳುತ್ತದೆ.

ಸಮುದ್ರದಲ್ಲಿ ಈ ವರ್ಣಕಕ್ಕೆ ಬೆಲೆ ಇದೆ. ಕೆಂಪು ಬೆಳಕು ಮೇಲಿನ ಕೆಲವು ಮೀಟರಿನಲ್ಲೇ ಮುಗಿದುಹೋಗುತ್ತದೆ. ಕೆಳಗೆ ಇಳಿಯುವುದು ನೀಲಿ ಮತ್ತು ಹಸಿರು. ಹಸಿರು ಬೆಳಕನ್ನು ಬರೀ ಕ್ಲೋರೊಫಿಲ್ ಸರಿಯಾಗಿ ಬಳಸಲಾರದು, ಫ್ಯೂಕೊಜಾಂಥಿನ್ ಬಳಸುತ್ತದೆ.

ಕಿರಿಕ್_ಕಿಟ್ಟಿ:
ಅಂದರೆ ಕಂದು ಬಣ್ಣ ಬಳಿದುಕೊಂಡ ಗಿಡ. ನಾನು ಹೇಳಿದ್ದೇ ಆಯಿತಲ್ಲ!

ಗಾಜಿನ_ತಟ್ಟೆ:
ಇಲ್ಲ ಕಿಟ್ಟಿ. ದ್ಯುತಿಸಂಶ್ಲೇಷಣೆ ಮಾಡುವ ಆ ಕಣ ಇದೆಯಲ್ಲ, ಕ್ಲೋರೊಪ್ಲಾಸ್ಟ್, ಅದು ಗಿಡದ ಹಾದಿಯಲ್ಲಿ ಬಂದದ್ದಲ್ಲ. ಗಿಡಗಳ ಪೂರ್ವಜ ಬಿಸಿಲಲ್ಲಿ ಆಹಾರ ಮಾಡಿಕೊಳ್ಳುವ ಸೈನೊಬ್ಯಾಕ್ಟೀರಿಯಾ ಒಂದನ್ನು ನುಂಗಿ ಒಳಗಿಟ್ಟುಕೊಂಡಿತು. ಕಂದು ಪಾಚಿಯ ಪೂರ್ವಜರಿಗೆ ಈ ಕಣ ಬಂದದ್ದು ಒಂದು ಕೆಂಪು ಪಾಚಿಯಿಂದ. ಅಂದರೆ ಮೊದಲೇ ನುಂಗಿದ್ದವನನ್ನು ಮತ್ತೊಬ್ಬ ನುಂಗಿದ್ದು. ಗುರುತು ಇವತ್ತಿಗೂ ಇದೆ. ಗಿಡದ ಕ್ಲೋರೊಪ್ಲಾಸ್ಟ್ ಸುತ್ತ ಎರಡು ಪೊರೆ, ಕಂದು ಪಾಚಿಯದಕ್ಕೆ ನಾಲ್ಕು.

ಇದರ ಹತ್ತಿರದ ನೆಂಟರು ಯಾರು ಗೊತ್ತಾ? ಗಾಜಿನ ಚಿಪ್ಪಿನ ಡಯಾಟಮ್‌ಗಳು. ಇನ್ನೊಂದು ಕಡೆಯಿಂದ ಬೆಳೆಗಳಿಗೆ ಕೊಳೆರೋಗ ತರುವ ಫೈಟಾಫ್ತೊರಾ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದ ರೋಗವೂ ಇದೇ ಕುಲದ್ದು. ಈ ಇಡೀ ಬಳಗಕ್ಕೆ ಸ್ಟ್ರಾಮೆನೊಪೈಲ್ ಅಂತ ಹೆಸರು. ಈಜುವ ಕೋಶ ಇದ್ದರೆ ಅದಕ್ಕೆ ಸಾಮಾನ್ಯವಾಗಿ ಎರಡು ಬಾಲ. ಮುಂದಿನದರ ಮೇಲೆ ಸಾಲಾಗಿ ಸೂಕ್ಷ್ಮ ರೋಮ, ಹಿಂದಿನದು ನುಣುಪು. ಕೆಲ್ಪಿನ ವೀರ್ಯಾಣುವಿಗೂ ಹಾಗೇ.

ಹಳೇ_ಮೇಷ್ಟ್ರು:
ಡಯಾಟಮ್ ಒಂಟಿ ಕೋಶ, ಕೆಲ್ಪ್ 45 ಮೀಟರ್. ಇವೆರಡೂ ಒಂದೇ ಮನೆಯವು ಅಂತ ಮಕ್ಕಳಿಗೆ ಹೇಳಿದರೆ ನಗುತ್ತಾರಮ್ಮ.

ಗಾಜಿನ_ತಟ್ಟೆ:
ನಗಲಿ ಮೇಷ್ಟ್ರೇ, ನಗುತ್ತಲೇ ನೆನಪಿಟ್ಟುಕೊಳ್ಳುತ್ತಾರೆ. ದೊಡ್ಡ ಮೈ ಕಟ್ಟುವ ಕೆಲಸ ಜೀವಲೋಕದಲ್ಲಿ ಹಲವು ಸಲ ಬೇರೆಬೇರೆಯಾಗಿ ನಡೆದಿದೆ. ಪ್ರಾಣಿಗಳಲ್ಲಿ ಒಮ್ಮೆ, ನೆಲದ ಗಿಡಗಳಲ್ಲಿ, ಅಣಬೆಗಳಲ್ಲಿ, ಕೆಂಪು ಪಾಚಿಯಲ್ಲಿ, ಕಂದು ಪಾಚಿಯಲ್ಲಿ. ಕೋಶಕೋಶಕ್ಕೆ ಸಂಪರ್ಕ ಕೊಡುವ ಸಣ್ಣ ದಾರಿಗಳು, ಅಂಟು, ಗೋಡೆ, ನಾಳ, ಎಲ್ಲವನ್ನೂ ಕಂದು ಪಾಚಿ ತನ್ನ ಪಾಡಿಗೆ ತಾನೇ ಮಾಡಿಕೊಂಡಿದೆ. ನನಗಂತೂ ಇದರ ಎತ್ತರಕ್ಕಿಂತ ಇದೇ ದೊಡ್ಡ ವಿಷಯ.

ಡೈವ್_ದೊರೆ:
ನೀರೊಳಗೆ ನೋಡಿದವನ ಮಾತು ಕೇಳಿ. ಹೋಲ್ಡ್‌ಫಾಸ್ಟ್ ಅನ್ನುವುದು, ಅಂದರೆ ಬಂಡೆ ಕಚ್ಚಿ ಹಿಡಿಯುವ ಬುಡ, ಬೆರಳು ಗಾತ್ರದ ಕವಲುಗಳ ಗೋಜಲು. ಹೊಸ ಕವಲುಗಳು ಮೇಲಿನಿಂದ ಹೊರಟು, ಹಳೆಯವುಗಳ ಮೇಲೆ ಹಾದು ಬಂಡೆ ಮುಟ್ಟುತ್ತವೆ. ಒಳಗಿನವು ಸತ್ತು ಟೊಳ್ಳಾಗುತ್ತವೆ. ಆ ಟೊಳ್ಳಿನಲ್ಲಿ ಬ್ರಿಟಲ್ ಸ್ಟಾರ್, ಸಣ್ಣ ಏಡಿ, ಹುಳು, ಸೀಗಡಿ ಜಾತಿಯವು. ಕೈ ಇಟ್ಟರೆ ಎಲ್ಲವೂ ಒಳಗೆ ಸರಿಯುತ್ತವೆ. ಬಿರುಗಾಳಿ ಬಂದಾಗ ಬಂಡೆಯ ಚೂರು ಸಮೇತ ಕಿತ್ತು ದಡಕ್ಕೆ ಬರುತ್ತದೆ.

ಅಂದಹಾಗೆ ಮ್ಯಾಕ್ರೊಸಿಸ್ಟಿಸ್ ದಿನಕ್ಕೆ ಎರಡು ಮೀಟರ್ ಬೆಳೆಯುತ್ತೆ. ಯಾರೂ ಹೇಳಲಿಲ್ಲ ಅಂತ ಹೇಳಿದೆ.

ರಸಾಯನ_ರಂಗ:
ಎರಡು ಮೀಟರ್ ಇಲ್ಲ ದೊರೆ. ತಂಪು ನೀರು, ನೈಟ್ರೇಟ್, ಬಿಸಿಲು ಎಲ್ಲ ಕೂಡಿಬಂದರೆ ಅರ್ಧ ಮೀಟರ್, ಹೆಚ್ಚೆಂದರೆ 60 ಸೆಂಟಿಮೀಟರ್. ಅದೇ ಬೇಕಾದಷ್ಟಾಯಿತು.

ಡೈವ್_ದೊರೆ:
ನಮ್ಮ ಗೈಡ್ ಹೇಳಿದ್ದು ಎರಡು ಮೀಟರ್.

ಕಿರಿಕ್_ಕಿಟ್ಟಿ:
ಗೈಡ್‌ಗೆ ಟಿಪ್ಸ್ ಕೊಟ್ಟಿರಾ? ಅದಕ್ಕೇ ಜಾಸ್ತಿ ಬೆಳೆದಿದೆ.

ಕಡಲಂಚು:
ಬೆಳೆಯುವುದು ಎಲ್ಲಿಂದ? ತುದಿಯಿಂದಲಾ, ಬುಡದಿಂದಲಾ?

ಹಳೇ_ಮೇಷ್ಟ್ರು:
ಲ್ಯಾಮಿನೇರಿಯಾ ಅನ್ನುವ ಕೆಲ್ಪಿನಲ್ಲಿ ಕಾಂಡ ಮತ್ತು ಎಲೆ ಸೇರುವ ಜಾಗದಲ್ಲಿ. ಉಗುರು ಬುಡದಿಂದ ಬೆಳೆದು ತುದಿ ಸವೆಯುತ್ತದಲ್ಲ, ಹಾಗೆ. ಅಲೆಗೆ ಸಿಕ್ಕು ಹರಿಯುವುದು ಹಳೆಯ ತುದಿ, ಎಳೆಯ ಭಾಗ ಕೆಳಗೆ ಭದ್ರ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದೆನೋ.

ಗಾಜಿನ_ತಟ್ಟೆ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಎಲ್ಲ ಕಂದು ಪಾಚಿಗೂ ಹೊಂದುವುದಿಲ್ಲ. ಮ್ಯಾಕ್ರೊಸಿಸ್ಟಿಸ್‌ನ ತುದಿಯಲ್ಲಿ ಬಾಗಿದ ಒಂದು ಎಲೆ ಇರುತ್ತದೆ. ಅದರ ಬುಡದ ಕಡೆ ಸಣ್ಣ ಸೀಳುಗಳು ಹುಟ್ಟಿ, ಅಗಲವಾಗುತ್ತಾ ಒಂದೊಂದೇ ಹೊಸ ಎಲೆಯಾಗಿ ಬಿಡಿಸಿಕೊಳ್ಳುತ್ತವೆ. ಫ್ಯೂಕಸ್ ಬೆಳೆಯುವುದು ತುದಿಯ ಕೋಶದಿಂದ. ಎಕ್ಟೊಕಾರ್ಪಸ್ ಬರೀ ಕೂದಲೆಳೆ, ಎಳೆಯ ನಡುನಡುವೆಯೂ ಕೋಶ ಒಡೆಯುತ್ತದೆ.

ರಾತ್ರಿಪಾಳಿ:
ಧ್ರುವದ ಕಡೆಯ ಕೆಲ್ಪ್‌ಗಳ ಕಥೆ ಏನು? ತಿಂಗಳುಗಟ್ಟಲೆ ಸೂರ್ಯನೇ ಇರುವುದಿಲ್ಲ, ಮೇಲೆ ಹಿಮದ ಹೊದಿಕೆ ಬೇರೆ. ಅಲ್ಲಿ ಮೇಲಿನ ಎಲೆಗೂ ಬೆಳಕಿಲ್ಲವಲ್ಲ.

ಗಾಜಿನ_ತಟ್ಟೆ:
ಲ್ಯಾಮಿನೇರಿಯಾ ಸಾಲಿಡಂಗ್ಯುಲಾ ಅಂತ ಆರ್ಕ್ಟಿಕ್ ಜಾತಿ ಇದೆ. ಅದು ಜಾಸ್ತಿ ಬೆಳೆಯುವುದೇ ಕತ್ತಲಲ್ಲಿ! ಬೇಸಿಗೆಯಲ್ಲಿ ಬೆಳಕಿರುತ್ತದೆ, ನೀರಿನಲ್ಲಿ ಸಾರಜನಕ ಇರುವುದಿಲ್ಲ. ಆಗ ಸಕ್ಕರೆ ಮಾಡಿ ಲ್ಯಾಮಿನಾರಿನ್ ರೂಪದಲ್ಲಿ ಕೂಡಿಡುತ್ತದೆ. ಚಳಿಗಾಲದಲ್ಲಿ ನೀರಿಗೆ ನೈಟ್ರೇಟ್ ಬಂದಾಗ ಆ ಉಳಿತಾಯ ಒಡೆದು ಹೊಸ ಎಲೆ ಕಟ್ಟುತ್ತದೆ.

ಬೇರೆ ಲ್ಯಾಮಿನೇರಿಯಾಗಳಲ್ಲೂ ಬೇಸಿಗೆ ಮುಗಿಯುವ ಹೊತ್ತಿಗೆ ಒಣ ತೂಕದ ಮೂರನೇ ಒಂದು ಭಾಗದವರೆಗೂ ಲ್ಯಾಮಿನಾರಿನ್ ಇರುತ್ತದೆ. ಬೆಳಕು ಇದ್ದಾಗ ಬೆಳೆಯಬೇಕು ಅನ್ನುವುದು ನಾವು ನೆಲದ ಗಿಡ ನೋಡಿ ಮಾಡಿಕೊಂಡ ನಿಯಮ.

ಸುಮ್ನೆ_ಬಂದೆ:
ಈ ಥ್ರೆಡ್ ಓದುತ್ತಾ ಟೀ ಆರಿಹೋಯಿತು.

ರಸಾಯನ_ರಂಗ:
ಟೀ ಬಿಸಿ ಮಾಡಿಕೊಂಡು ಬನ್ನಿ, ವಿಷದ ಗಾಳಿಯ ಕಥೆ ಇದೆ. ಬುಲ್ ಕೆಲ್ಪ್ ಅಂದರೆ ನೀರಿಯೊಸಿಸ್ಟಿಸ್. ಉದ್ದ ಕೊಳವೆ, ಮೇಲೆ ಒಂದೇ ದೊಡ್ಡ ಬುರುಡೆ, ಬುರುಡೆಯ ತುದಿಯಲ್ಲಿ ಎಲೆಗಳ ಗೊಂಚಲು. ಆ ಬುರುಡೆಯೊಳಗಿನ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. 1917ರಷ್ಟು ಹಿಂದೆಯೇ ಇದನ್ನು ಕಂಡುಕೊಂಡಿದ್ದರು. ನಮ್ಮ ರಕ್ತಕ್ಕೆ ಸೇರಿದರೆ ಪ್ರಾಣ ತೆಗೆಯುವ ಅನಿಲ, ಅದಕ್ಕೆ ಮಾತ್ರ ತೇಲುವ ಸಾಧನ.

ಕಿರಿಕ್_ಕಿಟ್ಟಿ:
ಗಿಡಕ್ಕೆ ರಕ್ತ ಇಲ್ಲವಲ್ಲ, ಅದಕ್ಕೇ ಏನೂ ಆಗಲ್ಲ.

ಗಾಜಿನ_ತಟ್ಟೆ:
ಮತ್ತೆ ಗಿಡ ಅಂದಿರಿ.

ಡೈವ್_ದೊರೆ:
ನೀರಿಯೊಸಿಸ್ಟಿಸ್ 30 ಮೀಟರ್ ದಾಟುತ್ತದೆ. ಅದಕ್ಕಿಂತ ಮಜಾ ಅಂದರೆ ಅದರ ಆಯಸ್ಸು ಹೆಚ್ಚುಕಡಿಮೆ ಒಂದೇ ವರ್ಷ. ವಸಂತದಲ್ಲಿ ಶುರು, ಚಳಿಗಾಲದ ಬಿರುಗಾಳಿಗೆ ಮುಗಿತಾಯ. ಮುಂದಿನ ವರ್ಷ ಮತ್ತೆ ಅದೇ ಜಾಗದಲ್ಲಿ ಕಾಡು.

ಕಡಲಂಚು:
ಬೀಜ ಇಲ್ಲ, ಬೇರೂ ಉಳಿಯಲ್ಲ. ಹಾಗಾದರೆ ನಡುವಿನ ತಿಂಗಳುಗಳಲ್ಲಿ ಆ ಕೆಲ್ಪ್ ಎಲ್ಲಿರುತ್ತದೆ?

ಗಾಜಿನ_ತಟ್ಟೆ:
ಅಲ್ಲೇ ಬಂಡೆಯ ಮೇಲೆ, ಕಣ್ಣಿಗೆ ಕಾಣದ ಗಾತ್ರದಲ್ಲಿ. ಕೆಲ್ಪ್‌ಗೆ ಎರಡು ಜನ್ಮ. ನೀವು ವಿಡಿಯೊದಲ್ಲಿ ನೋಡುವುದು ಒಂದು. ಅದರ ಎಲೆಯ ಮೇಲೆ ಕಡು ಬಣ್ಣದ ಮಚ್ಚೆಗಳು ಬರುತ್ತವೆ, ಅಲ್ಲಿಂದ ಲಕ್ಷಾಂತರ ಸ್ಪೋರ್, ಅಂದರೆ ಬೀಜಾಣು, ಹೊರಬೀಳುತ್ತವೆ. ನೀರಿಯೊಸಿಸ್ಟಿಸ್‌ನಲ್ಲಿ ಆ ಮಚ್ಚೆಯೇ ಎಲೆಯಿಂದ ಕಳಚಿಕೊಂಡು ತಳಕ್ಕೆ ಇಳಿಯುತ್ತದೆ. ಕಳಚುವುದು ಬಹುಪಾಲು ಬೆಳಗಿನ ಜಾವದ ಆಸುಪಾಸಿನಲ್ಲಿ. ಎಲೆಯಲ್ಲಿ ಕಿಟಕಿ ಕೊರೆದಂಥ ಖಾಲಿ ಜಾಗ ಉಳಿಯುತ್ತದೆ.

ಸ್ಪೋರ್ ಬಂಡೆಗೆ ಅಂಟಿ ಗಂಡೋ ಹೆಣ್ಣೋ ಆಗಿ ಬೆಳೆಯುತ್ತದೆ. ಕೆಲವೇ ಕೋಶಗಳ ಎಳೆ. ಇದು ಎರಡನೇ ಜನ್ಮ, ಗ್ಯಾಮಿಟೊಫೈಟ್. ಇದು ಗೊತ್ತಾಗುವವರೆಗೆ ಕೆಲ್ಪಿನ ಸಂಸಾರ ಹೇಗೆ ನಡೆಯುತ್ತದೆ ಅಂತ ಯಾರಿಗೂ ತಿಳಿದಿರಲಿಲ್ಲ. 1915ರಲ್ಲಿ ಫ್ರಾನ್ಸಿನ ಪಾಚಿತಜ್ಞ ಕಮಿಲ್ ಸೊವಾಝೊ ಬಿಡಿಸಿ ತೋರಿಸಿದರು.

ಇವು ಬಲಿತು ಜೋಡಿಯಾಗಬೇಕಾದರೆ ನೀಲಿ ಬೆಳಕು ಬೇಕು, ಕಬ್ಬಿಣದ ಅಂಶವೂ ಬೇಕು. ಲ್ಯಾಬಿನಲ್ಲಿ ನಾವು ಕೆಂಪು ದೀಪದ ಕೆಳಗೆ ಇಡುತ್ತೇವೆ. ಕೆಂಪು ಬೆಳಕಲ್ಲಿ ಬೆಳೆಯುತ್ತವೆ, ಅಂಡ ಬಿಡುವುದಿಲ್ಲ. ವರ್ಷಗಟ್ಟಲೆ ಹಾಗೇ ಇರುತ್ತವೆ. ಬೇಕಾದಾಗ ನೀಲಿ ಬೆಳಕಿಗೆ ತಂದರೆ ಆಯಿತು.

ಸುಮ್ನೆ_ಬಂದೆ:
ಕೆಂಪು ದೀಪದಲ್ಲಿ ಬ್ರಹ್ಮಚಾರಿಗಳು. 😄

ಹಳೇ_ಮೇಷ್ಟ್ರು:
ಗಂಡಿಗೆ ಹೆಣ್ಣು ಎಲ್ಲಿದೆ ಅಂತ ತಿಳಿಯುವುದು ಹೇಗೆ ಅನ್ನುವುದನ್ನೂ ಹೇಳಿಬಿಡಮ್ಮ. ಅದೇ ಚಂದದ ಭಾಗ.

ಗಾಜಿನ_ತಟ್ಟೆ:
ಅಂಡ ಹೊರಗೆ ಬಂದಾಗ ಲ್ಯಾಮೊಕ್ಸಿರೀನ್ ಅನ್ನುವ ವಸ್ತು ನೀರಿಗೆ ಬಿಡುತ್ತದೆ. ಅದು ತಾಕಿದ ಕೆಲವೇ ಸೆಕೆಂಡುಗಳಲ್ಲಿ ಪಕ್ಕದ ಗಂಡು ಎಳೆಗಳಿಂದ ವೀರ್ಯಾಣುಗಳು ಸಿಡಿದು ಹೊರಬರುತ್ತವೆ, ವಾಸನೆ ಹಿಡಿದು ಅಂಡದ ಕಡೆ ಈಜುತ್ತವೆ. ಕಂದು ಪಾಚಿಯ ಇಂಥ ವಸ್ತುಗಳಲ್ಲಿ ಮೊದಲು ರಚನೆ ಗೊತ್ತಾದದ್ದು ಎಕ್ಟೊಕಾರ್ಪೀನ್, 1971ರಲ್ಲಿ.

ಆದರೆ ನೀವೇ ಕೈಯಾರೆ ನೋಡಬೇಕಾದರೆ ಫ್ಯೂಕಸ್ ಒಳ್ಳೆಯದು. ಇದಕ್ಕೆ ಬೇರೆಯಾಗಿ ಬದುಕುವ ಎರಡನೇ ಜನ್ಮ ಇಲ್ಲ, ದೊಡ್ಡ ಪಾಚಿಯೇ ನೇರವಾಗಿ ಅಂಡ, ವೀರ್ಯಾಣು ಬಿಡುತ್ತದೆ. ಹಣ್ಣಾದಾಗ ತುದಿಗಳು ಉಬ್ಬಿ ಚುಕ್ಕೆಚುಕ್ಕೆ ಆಗಿರುತ್ತವೆ. ಆ ತುದಿಗಳನ್ನು ಕತ್ತರಿಸಿ, ಒರೆಸಿ, ರಾತ್ರಿಯಿಡೀ ತಂಪಿನಲ್ಲಿ ಸ್ವಲ್ಪ ಆರಲು ಬಿಡಿ. ಬೆಳಗ್ಗೆ ಮೇಲೆ ಲೋಳೆ ಹನಿಗಳು ಕೂತಿರುತ್ತವೆ. ಗಂಡಿನದು ಕಿತ್ತಳೆ ಬಣ್ಣ, ಹೆಣ್ಣಿನದು ಮಂಕು ಹಸಿರು. ಎರಡನ್ನೂ ಬೇರೆಬೇರೆ ಕಡಲ ನೀರಿಗೆ ಹಾಕಿ, ಆಮೇಲೆ ಒಂದೊಂದು ಹನಿ ಗಾಜಿನ ಮೇಲೆ ಕೂಡಿಸಿ. ಅಂಡದ ಸುತ್ತ ವೀರ್ಯಾಣುಗಳು ಮುತ್ತಿಕೊಂಡು, ಅವುಗಳ ಬಾಲದ ಬಡಿತಕ್ಕೆ ಅಷ್ಟು ದೊಡ್ಡ ಅಂಡವೇ ಗಿರಗಿರ ತಿರುಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಹಳೇ_ಮೇಷ್ಟ್ರು:
ಒಂದು ಹೆಣ್ಣು ಚೀಲಕ್ಕೆ ಎಂಟು ಅಂಡ, ಒಂದು ಗಂಡು ಚೀಲಕ್ಕೆ 64 ವೀರ್ಯಾಣು. ಪರೀಕ್ಷೆಗೆ ಕೇಳುತ್ತಿದ್ದೆ.

ರಾತ್ರಿಪಾಳಿ:
ಫ್ಯೂಕಸ್ ಅಂಡಕ್ಕೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಹುಟ್ಟುವಾಗ ಗೊತ್ತಿರುವುದಿಲ್ಲ ಅಂತ ಎಲ್ಲೋ ಓದಿದ್ದೆ. ನಿಜವಾ?

ಗಾಜಿನ_ತಟ್ಟೆ:
ನಿಜ. ದುಂಡಗಿನ ಅಂಡ, ಎಲ್ಲ ಕಡೆಯೂ ಒಂದೇ. ಫಲಿತವಾದ ಮೇಲೆ ಒಂದು ಕಡೆಯಿಂದ ಬೆಳಕು ಬಿಟ್ಟರೆ, ನೆರಳಿನ ಕಡೆ ಉಬ್ಬು ಬರುತ್ತದೆ. ಆ ಉಬ್ಬೇ ಮುಂದೆ ಬಂಡೆ ಹಿಡಿಯುವ ಭಾಗ. ಮೊದಲ ಕೆಲವು ಗಂಟೆಗಳಲ್ಲಿ ಬೆಳಕಿನ ದಿಕ್ಕು ಬದಲಿಸಿದರೆ ಅದೂ ಮನಸ್ಸು ಬದಲಿಸುತ್ತದೆ. ಆಮೇಲೆ ಬದಲಿಸುವುದಿಲ್ಲ. ತಾಯಿಯ ಮೈಯೊಳಗೆ ಅವಿತಿರದೆ ನೀರಿನಲ್ಲಿ ಬಿಡಿಯಾಗಿ ಸಿಗುವುದರಿಂದ, ಒಂದು ಕೋಶ ತನ್ನ ದಿಕ್ಕನ್ನು ಹೇಗೆ ಗೊತ್ತುಮಾಡಿಕೊಳ್ಳುತ್ತದೆ ಅಂತ ತಿಳಿಯಲು ಇದನ್ನೇ ಬಹಳ ಬಳಸಿದ್ದಾರೆ.

ಹಸಿರು_ಲೆಕ್ಕ:
ಇಷ್ಟೆಲ್ಲ ಮಾತಾಡಿದಿರಿ, ಮುಖ್ಯ ವಿಷಯವೇ ಬರಲಿಲ್ಲ. ಕಾರ್ಬನ್! ಇಷ್ಟು ಬೇಗ ಬೆಳೆಯುವ ಕೆಲ್ಪನ್ನು ಸಮುದ್ರದ ತುಂಬ ನೆಟ್ಟರೆ ವಾತಾವರಣದ ಇಂಗಾಲವೆಲ್ಲ ಖಾಲಿ.

ಕಿರಿಕ್_ಕಿಟ್ಟಿ:
ನೆಟ್ಟು ಆಮೇಲೆ? ಸತ್ತು ಕೊಳೆತರೆ ಇಂಗಾಲ ವಾಪಸ್ ಬರಲ್ವಾ?

ರಸಾಯನ_ರಂಗ:
ಕಿಟ್ಟಿ ಮೊದಲ ಸಲ ಸರಿಯಾದ ಜಾಗಕ್ಕೆ ಕೈ ಹಾಕಿದ. ಕೆಲ್ಪ್ ಮರದ ಹಾಗಲ್ಲ, ಅದರಲ್ಲಿ ಗಟ್ಟಿ ದಿಮ್ಮಿ ಇಲ್ಲ. ಹರಿದ ಎಲೆ ಬೇಗ ಕೊಳೆಯುತ್ತದೆ, ಪ್ರಾಣಿಗಳು ತಿನ್ನುತ್ತವೆ. ಆಳ ಸಮುದ್ರಕ್ಕೆ ಜಾರಿದ ಪಾಲು ಮಾತ್ರ ಬಹುಕಾಲ ದೂರ ಉಳಿಯುತ್ತದೆ. ಆ ಪಾಲು ಎಷ್ಟು ಅನ್ನುವುದರ ಮೇಲೇ ಜಗಳ ನಡೆಯುತ್ತಿದೆ.

ಇನ್ನೊಂದು ದಾರಿಯೂ ಇದೆ, ಲೋಳೆ. ಫ್ಯೂಕಸ್ ತನ್ನ ಮೈಯಿಂದ ಫ್ಯೂಕೊಯಿಡನ್ ಅನ್ನುವ ಲೋಳೆಯನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ಸಲ್ಫೇಟ್ ಸೇರಿದ, ತುಂಬಾ ಸಿಕ್ಕುಸಿಕ್ಕಾದ ಸಕ್ಕರೆ ಸರಪಳಿ ಅದು. ಬ್ಯಾಕ್ಟೀರಿಯಾಗಳಿಗೆ ಅದನ್ನು ಬಿಡಿಸುವುದು ಕಷ್ಟ. ಹಾಗಾಗಿ ಅದರಲ್ಲಿರುವ ಇಂಗಾಲ ಬೇಗ ಹೊರಬರುವುದಿಲ್ಲ ಅಂತ 2022ರಲ್ಲಿ ಜರ್ಮನಿಯ ಬ್ರೆಮೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ತೋರಿಸಿದರು. ನನಗೆ ನೆಡುವ ಯೋಜನೆಗಳಿಗಿಂತ ಈ ಲೋಳೆಯ ಮೇಲೆ ಜಾಸ್ತಿ ನಂಬಿಕೆ.

ಹಸಿರು_ಲೆಕ್ಕ:
ಹಾಗಂತ ಸುಮ್ನೆ ಕೂರುವುದಾ? ಇರುವ ಕಾಡುಗಳನ್ನಾದರೂ ಉಳಿಸಬೇಕಲ್ಲ.

ಡೈವ್_ದೊರೆ:
ಅದನ್ನು ಒಪ್ಪುತ್ತೇನೆ. ಉತ್ತರ ಕ್ಯಾಲಿಫೋರ್ನಿಯಾ ನೋಡಿ. 2013ರಿಂದ ನಕ್ಷತ್ರಮೀನುಗಳಿಗೆ ಕರಗಿಹೋಗುವ ರೋಗ ಬಂತು. ಕೆಲ್ಪ್ ಮೇಯುವ, ಮುಳ್ಳುಚೆಂಡಿನಂಥ ಸೀ ಅರ್ಚಿನ್ ಪ್ರಾಣಿಗಳನ್ನು ತಿನ್ನುತ್ತಿದ್ದ ಸೂರ್ಯಕಾಂತಿ ನಕ್ಷತ್ರಮೀನು ಅಲ್ಲಿಂದ ಹೆಚ್ಚುಕಡಿಮೆ ಮಾಯ. 2014ರಿಂದ ಸಮುದ್ರ ಬಿಸಿಯಾಯಿತು, ಬಿಸಿ ನೀರಲ್ಲಿ ನೈಟ್ರೇಟ್ ಕಡಿಮೆ, ಕೆಲ್ಪ್ ಸೊರಗಿತು. ಅರ್ಚಿನ್‌ಗಳು ಬಿಲ ಬಿಟ್ಟು ಹೊರಗೆ ಬಂದು ಉಳಿದಿದ್ದನ್ನೂ ಮೇಯ್ದವು. ಬುಲ್ ಕೆಲ್ಪ್ ಕಾಡು ಶೇ. 90ಕ್ಕಿಂತ ಹೆಚ್ಚು ಹೋಯಿತು. ಅರ್ಚಿನ್‌ಗೆ ಊಟ ಇಲ್ಲದಿದ್ದರೂ ವರ್ಷಗಟ್ಟಲೆ ಸಾಯುವುದಿಲ್ಲ. ಒಡೆದು ನೋಡಿದರೆ ಒಳಗೆ ಏನೂ ಇಲ್ಲ, ಆದರೂ ಬಂಡೆ ಬಿಟ್ಟು ಕದಲುವುದಿಲ್ಲ. ಹೊಸ ಕೆಲ್ಪ್ ಮೊಳೆತರೆ ಅಲ್ಲೇ ಮುಗಿಸುತ್ತವೆ.

ಅರ್ಚಿನ್ ತಿನ್ನುವ ನೀರುನಾಯಿ ಇರುವ ಕಡೆ ಪರಿಸ್ಥಿತಿ ಬೇರೆ. ಅಲಾಸ್ಕಾದ ಅಲೂಷಿಯನ್ ದ್ವೀಪಗಳಲ್ಲಿ ವಿಜ್ಞಾನಿ ಜೇಮ್ಸ್ ಎಸ್ಟೆಸ್ 1970ರ ದಶಕದಲ್ಲೇ ಹೋಲಿಸಿ ತೋರಿಸಿದರು. ನೀರುನಾಯಿ ಇರುವ ದ್ವೀಪದ ಸುತ್ತ ಕೆಲ್ಪ್ ಕಾಡು, ಇಲ್ಲದ ದ್ವೀಪದ ಸುತ್ತ ಬರೀ ಅರ್ಚಿನ್.

ಕಿರಿಕ್_ಕಿಟ್ಟಿ:
ಒಂದು ಕಡೆ ಕಡಿಮೆ ಆಯಿತು ಅಂತ ಅಳು. ಇನ್ನೊಂದು ಕಡೆ ಅಟ್ಲಾಂಟಿಕ್ ದಡದಲ್ಲಿ ಸರ್ಗಾಸಮ್ ರಾಶಿ ಬಿದ್ದು ಗಬ್ಬು ನಾತ. ಅದೂ ಕಂದು ಪಾಚಿಯೇ ಅಲ್ವಾ? ಅಲ್ಲಿಂದ ತಂದು ಇಲ್ಲಿ ಹಾಕಿ.

ಗಾಜಿನ_ತಟ್ಟೆ:
ಎರಡರ ಬದುಕೇ ಬೇರೆ ಕಿಟ್ಟಿ. ಕೆಲ್ಪ್‌ಗೆ ಬಂಡೆ ಬೇಕು, ತಂಪು ಬೇಕು. ನೀವು ಹೇಳುವ ಸರ್ಗಾಸಮ್ ನಾಟನ್ಸ್ ಮತ್ತು ಫ್ಲೂಯಿಟನ್ಸ್ ಹುಟ್ಟಿನಿಂದ ಕೊನೆವರೆಗೆ ತೇಲುತ್ತವೆ, ಬಂಡೆ ಮುಟ್ಟುವುದೇ ಇಲ್ಲ. ಅಂಡ, ವೀರ್ಯಾಣು ಯಾವ ಗೊಡವೆಯೂ ಇಲ್ಲ. ತುಂಡಾದರೆ ತುಂಡೇ ಬೆಳೆಯುತ್ತದೆ. 2011ರಿಂದ ಪಶ್ಚಿಮ ಆಫ್ರಿಕಾದಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಪಟ್ಟಿಯಾಗಿ ಹರಡಲು ಶುರುವಾಯಿತು. 2018ರಲ್ಲಿ ಆ ಪಟ್ಟಿಯ ಉದ್ದ 8,850 ಕಿಲೋಮೀಟರ್, ತೂಕ 2 ಕೋಟಿ ಟನ್‌ಗೂ ಮೇಲೆ. ನಡುಸಮುದ್ರದಲ್ಲಿ ಅದು ಮರಿಮೀನು, ಆಮೆಮರಿಗಳಿಗೆ ಆಸರೆ. ದಡದಲ್ಲಿ ಕೊಳೆತರೆ ಹೈಡ್ರೊಜನ್ ಸಲ್ಫೈಡ್, ಆ ನಾತ ಅದರದ್ದೇ.

ರಸಾಯನ_ರಂಗ:
ಗೊಬ್ಬರ ಮಾಡುತ್ತೇವೆ ಅಂತ ಹೊರಟವರಿಗೆ ಇನ್ನೊಂದು ಅಡ್ಡಿ, ಆರ್ಸೆನಿಕ್. ಕಂದು ಪಾಚಿಗಳು ನೀರಿನಲ್ಲಿರುವುದನ್ನೆಲ್ಲ ಒಳಗೆ ಸೇರಿಸಿಕೊಳ್ಳುವುದರಲ್ಲಿ ಜಾಣರು. ಲ್ಯಾಮಿನೇರಿಯಾ ಡಿಜಿಟೇಟಾ ಅಯೋಡಿನನ್ನು ಕಡಲ ನೀರಿಗಿಂತ 30,000 ಪಟ್ಟು ಸಾಂದ್ರವಾಗಿ ಕೂಡಿಡುತ್ತದೆ. ಅಯೋಡಿನ್ ಅನ್ನುವ ಧಾತು ಗೊತ್ತಾದದ್ದೇ ಕಡಲ ಪಾಚಿಯ ಬೂದಿಯಿಂದ. 1811ರಲ್ಲಿ ಬರ್ನಾರ್ಡ್ ಕೂರ್ಟ್ವಾ ಮದ್ದಿನುಪ್ಪು ತಯಾರಿಸುವ ಕೆಲಸದಲ್ಲಿದ್ದಾಗ ನೇರಳೆ ಹೊಗೆ ಎದ್ದಿತು.

ಪಾಚಿಗೆ ಅದು ಯಾಕೆ ಬೇಕು ಅಂದರೆ, ಇಳಿತದಲ್ಲಿ ಬಿಸಿಲಿಗೆ ಸಿಕ್ಕಾಗ ಮೈಮೇಲೆ ಬರುವ ಓಝೋನ್‌ನಂಥ ಉರಿಯುವ ಅಣುಗಳನ್ನು ಅಯೋಡೈಡ್ ತಣಿಸುತ್ತದೆ.

ಡೆಸ್ಮರೆಸ್ಟಿಯಾ ಅಂತ ಇನ್ನೊಂದಿದೆ, ಅದರ ಕೋಶದೊಳಗೆ ಗಂಧಕಾಮ್ಲ. ಪಿಎಚ್ 1ರ ಆಸುಪಾಸು. ಬೇರೆ ಪಾಚಿಗಳ ಜೊತೆ ಒಂದೇ ಬಕೆಟ್‌ನಲ್ಲಿ ಇಟ್ಟರೆ ಅದು ಒಡೆದು ಎಲ್ಲವನ್ನೂ ಹಾಳುಮಾಡುತ್ತದೆ. ಸಂಗ್ರಹಕ್ಕೆ ಹೋದವರು ಮೊದಲು ಕಲಿಯುವ ಪಾಠ.

ಕಡಲಂಚು:
ನನ್ನ ಪ್ರಶ್ನೆ ಎಲ್ಲಿಂದ ಎಲ್ಲಿಗೆ ಬಂತು! ಇನ್ನೊಂದು ಕೇಳಿಬಿಡುತ್ತೇನೆ. ಇಷ್ಟು ಉದ್ದದ ವಸ್ತು ಅಲೆಗೆ ಮುರಿಯುವುದಿಲ್ಲ ಯಾಕೆ?

ರಸಾಯನ_ರಂಗ:
ಆಲ್ಜಿನೇಟ್. ಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಸ್ವಲ್ಪ, ಆಲ್ಜಿನೇಟ್ ಜಾಸ್ತಿ. ಇದರಲ್ಲಿ ಎರಡು ಬಗೆಯ ಸಕ್ಕರೆ ಘಟಕಗಳಿವೆ, ಗುಲ್ಯುರೊನಿಕ್ ಮತ್ತು ಮ್ಯಾನ್ಯುರೊನಿಕ್. ಮೊದಲನೆಯದು ಜಾಸ್ತಿ ಇದ್ದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿರುಸಾಗುತ್ತದೆ, ಎರಡನೆಯದು ಜಾಸ್ತಿಯಾದರೆ ಮೆದು. ಲ್ಯಾಮಿನೇರಿಯಾ ಹೈಪರ್‌ಬೋರಿಯಾದ ಕಾಂಡದಲ್ಲಿ ಮೊದಲನೆಯದು ಹೆಚ್ಚು, ಎಲೆಯಲ್ಲಿ ಕಡಿಮೆ. ಒಂದೇ ಮೈಯಲ್ಲಿ ಬೇಕಾದ ಕಡೆ ಬಿರುಸು, ಬೇಕಾದ ಕಡೆ ಬಳುಕು. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಾಯಿಗೆ ತುಂಬುವ ಹಿಟ್ಟಿನಲ್ಲಿರುವುದೂ ಇದೇ.

ಗಾಜಿನ_ತಟ್ಟೆ:
ಅದಕ್ಕೊಂದು ಬಾಲ. 2010ರಲ್ಲಿ ಎಕ್ಟೊಕಾರ್ಪಸ್‌ನ ಜೀನೋಮ್ ಓದಿದಾಗ, ಆಲ್ಜಿನೇಟ್ ಮಾಡುವ ಕೊನೆಯ ಹಂತಗಳ ಜೀನ್‌ಗಳು ಬ್ಯಾಕ್ಟೀರಿಯಾದಿಂದ ಬಂದಿರಬೇಕು ಅನ್ನುವ ವಾದ ಹುಟ್ಟಿತು. ಮ್ಯಾನಿಟಾಲ್ ಮಾಡುವ ಜೀನ್‌ಗಳ ಬಗ್ಗೆಯೂ ಅದೇ ವಾದ. ಕ್ಲೋರೊಪ್ಲಾಸ್ಟ್ ಕೆಂಪು ಪಾಚಿಯದ್ದು, ಗೋಡೆಯ ಅಂಟು ಬ್ಯಾಕ್ಟೀರಿಯಾದ್ದು. ಮೇಷ್ಟ್ರೇ, ಈಗ ಹೇಳಿ, ಇದನ್ನು ಗಿಡದ ಪಟ್ಟಿಗೆ ಹೇಗೆ ಸೇರಿಸೋಣ?

ಹಳೇ_ಮೇಷ್ಟ್ರು:
ಪಟ್ಟಿ ನಿಮ್ಮದಮ್ಮ, ಹೇಗೆ ಬೇಕಾದರೂ ಬರೆದುಕೊಳ್ಳಿ. ಪಾಠ ಮಾತ್ರ ಸಸ್ಯಶಾಸ್ತ್ರದವರೇ ಮಾಡಬೇಕು. ಪ್ರಾಣಿಶಾಸ್ತ್ರದವರಿಗೆ ಕೊಟ್ಟರೆ ಫ್ಯೂಕಸ್ ಚಿತ್ರ ಬರೆಸುವುದೇ ಇಲ್ಲ.

ಡೈವ್_ದೊರೆ:
ವಯಸ್ಸು ಹೇಳುವ ಒಂದು ಉಪಾಯ ಹೇಳಿ ಹೋಗುತ್ತೇನೆ. ಆಸ್ಕೊಫಿಲಮ್ ಅಂತ ಉತ್ತರ ಅಟ್ಲಾಂಟಿಕ್ ದಡದ ಬಂಡೆಗಳ ಮೇಲೆ ಇರುತ್ತದೆ. ಎಳೆಯ ಒಂದೆರಡು ವರ್ಷ ಬಿಟ್ಟರೆ, ಮುಖ್ಯ ಎಳೆಯಲ್ಲಿ ವರ್ಷಕ್ಕೊಂದು ಗಾಳಿಗುಳ್ಳೆ ಬರುತ್ತದೆ. ತುದಿಯಿಂದ ಬುಡದವರೆಗೆ ಬೆರಳು ಹಿಡಿದು ಗುಳ್ಳೆ ಎಣಿಸಿ, ಅಷ್ಟೇ. ಉದ್ದ ಕೈಗೆ ಸಿಗುವಷ್ಟೇ ಇದ್ದರೂ ವಯಸ್ಸು ಹತ್ತು ದಾಟಿರುತ್ತದೆ.

ಕಿರಿಕ್_ಕಿಟ್ಟಿ:
ಇದು ನಿಮ್ಮ ಆ ಗೈಡ್ ಹೇಳಿದ್ದಲ್ಲ ತಾನೇ?

ಗಾಜಿನ_ತಟ್ಟೆ:
ಇದು ಸರಿಯಾಗಿದೆ ಕಿಟ್ಟಿ, ಬಿಡಿ.

ರಾತ್ರಿಪಾಳಿ:
ನನ್ನದು ಕೊನೆಯ ಪ್ರಶ್ನೆ. ಮನೆಯ ಅಕ್ವೇರಿಯಂನಲ್ಲಿ ಕಂದು ಪಾಚಿ ಬೆಳೆಸಬಹುದಾ? ಸಿಹಿನೀರಿನ ತೊಟ್ಟಿ.

ಗಾಜಿನ_ತಟ್ಟೆ:
ಸಿಹಿನೀರಿನಲ್ಲಿ ಬದುಕುವ ಕಂದು ಪಾಚಿಗಳು ಬೆರಳೆಣಿಕೆಯಷ್ಟು. ಕಲ್ಲಿನ ಮೇಲೆ ಸಣ್ಣ ಮಚ್ಚೆಯಾಗಿ ಹರಡುವಂಥವು, ನೋಡಿ ಖುಷಿಪಡುವಂಥದ್ದೇನಿಲ್ಲ. ಕೆಲ್ಪ್ ಬೇಕಾದರೆ ಉಪ್ಪುನೀರು, ತಂಪು ಮಾಡುವ ಯಂತ್ರ, ನಿಲ್ಲದೆ ಹರಿಯುವ ನೀರು ಬೇಕು. ಕೈಬಿಡಿ.

ರಾತ್ರಿಪಾಳಿ:
ಹೊಸ ತೊಟ್ಟಿಯ ಗಾಜಿಗೆ ಕಂದು ಲೇಪ ಬಂದಿದೆಯಲ್ಲ, ಅದು ಏನು ಮತ್ತೆ? ಅಂಗಡಿಯವರು ಕಂದು ಪಾಚಿ ಅಂತಲೇ ಹೇಳಿದರು.

ಗಾಜಿನ_ತಟ್ಟೆ:
ಹೆಚ್ಚಾಗಿ ಅದು ಡಯಾಟಮ್. ಮೇಲೆ ಹೇಳಿದ ನೆಂಟರು, ಅದೇ ಫ್ಯೂಕೊಜಾಂಥಿನ್ ಬಣ್ಣ. ಹೊಸ ತೊಟ್ಟಿಯ ನೀರಲ್ಲಿ ಸಿಲಿಕೇಟ್ ಇರುವವರೆಗೆ ಬರುತ್ತಿರುತ್ತದೆ. ಸ್ಪಂಜಿನಲ್ಲಿ ಒರೆಸಿದರೆ ಹೋಗುತ್ತದೆ.

ಕಿರಿಕ್_ಕಿಟ್ಟಿ:
ಒರೆಸುವ ಮೊದಲು ಒಂದು ಚೂರು ಮೇಷ್ಟ್ರಿಗೆ ಕಳಿಸಿ, ಚಿತ್ರ ಬರೆಸುತ್ತಾರೆ.